ಪಾಯಿಂಟ್ ಮೂವತ್ತೆರಡರ ನಂಟು: ಮುಂಬೈಯಲ್ಲಿ ಪಿಸ್ತೂಲಿನ ಅಭಿಮಾನ

1896ರ ಅಕ್ಟೋಬರ್‌ನಲ್ಲಿ ಮುಂಬೈಯ ಸಸೂನ್ ಡಾಕ್‌ಗೆ ಒಂದು ಸಣ್ಣ ದೋಣಿ ಬಂದು ನಿಂತಿತು. ಇಪ್ಪತ್ತೊಂದರ ಹರೆಯದ ಸೇನಾಧಿಕಾರಿಯೊಬ್ಬ ಇಳಿಯುವ ಆತುರದಲ್ಲಿ ಗೋಡೆಗೆ ಬಿಗಿದಿದ್ದ ಕಬ್ಬಿಣದ ಬಳೆಯನ್ನು ಹಿಡಿದುಕೊಂಡ. ಅಷ್ಟರಲ್ಲಿ ಅಲೆ ಇಳಿದು ದೋಣಿ ಕೆಳಕ್ಕೆ ಸರಿಯಿತು, ಬಲ ಭುಜದ ಕೀಲು ತಪ್ಪಿತು. ಆತ ವಿನ್‌ಸ್ಟನ್ ಚರ್ಚಿಲ್. ಹೊರಟಿದ್ದು ಬೆಂಗಳೂರಿನ ದಂಡಿಗೆ. ಆ ಭುಜ ಅವನನ್ನು ಬಹುಕಾಲ ಕಾಡಿತು, ಬೆಂಗಳೂರಿನಲ್ಲಿ ಪೋಲೋ ಆಡುವಾಗಲೂ ತೋಳಿಗೆ ಪಟ್ಟಿ ಬಿಗಿದುಕೊಳ್ಳಬೇಕಾಗುತ್ತಿತ್ತು. ಎದುರಾಳಿ ಮೈಮೇಲೆ ಬಿದ್ದರೆ ಕತ್ತಿ ಬೀಸಲು ಈ ತೋಳನ್ನು ನಂಬುವಂತಿಲ್ಲ, ಪಿಸ್ತೂಲನ್ನೇ ನೆಚ್ಚಬೇಕು ಎಂದು ತೀರ್ಮಾನಿಸಿ, ಆಗಷ್ಟೇ ಬಂದಿದ್ದ ಜರ್ಮನಿಯ ಮೌಸರ್ ಪಿಸ್ತೂಲನ್ನು ಲಂಡನ್ನಿನಲ್ಲಿ ಕೊಂಡ. 1898ರ ಸೆಪ್ಟೆಂಬರ್ 2ರಂದು ಸುಡಾನಿನ ಒಮ್‌ದುರ್ಮಾನ್‌ನಲ್ಲಿ 21ನೇ ಲ್ಯಾನ್ಸರ್ಸ್ ಪಡೆ ನುಗ್ಗಿದಾಗ ಕತ್ತಿಯನ್ನು ಒರೆಗೆ ಸೇರಿಸಿ ಆ ಮೌಸರನ್ನೇ ಹಿಡಿದ. ಮುಂದೆ ತನ್ನ ಆತ್ಮಕಥೆಯಲ್ಲಿ ಮುಂಬೈಯ ಆ ಪೆಟ್ಟನ್ನೂ ಒಮ್‌ದುರ್ಮಾನ್‌ನ ಪಿಸ್ತೂಲನ್ನೂ ಸೇರಿಸಿಯೇ ನೆನೆದ.

ಪಿಸ್ತೂಲು ಇಟ್ಟುಕೊಂಡವರಿಗೆ ಒಂದು ಕಂಪನಿಯ ಮೇಲೆ ಮನಸ್ಸು ನೆಡುವುದು ಹೀಗೆಯೇ. ಕೈಗೆ ಒಗ್ಗಬೇಕು, ಒಮ್ಮೆಯಾದರೂ ಕಷ್ಟಕ್ಕೆ ಒದಗಿರಬೇಕು. ಅಮೆರಿಕದಲ್ಲಿ ಅಂಗಡಿಯ ಗಾಜಿನ ಕಪಾಟಿನ ಮುಂದೆ ನಿಂತು ಕೋಲ್ಟೋ ಗ್ಲಾಕೋ ಎಂದು ಆರಿಸಬಹುದು. ಮುಂಬೈಯ ಕಥೆ ಬೇರೆ. ಈ ನಗರದಲ್ಲಿ ಯಾರು ಯಾವ ಪಿಸ್ತೂಲನ್ನು ಮೆಚ್ಚಬಹುದು ಎಂಬುದನ್ನು ಬಹುಪಾಲು ಕಾನೂನೇ ಗೊತ್ತುಮಾಡಿದೆ.

ಆ ಕಾನೂನಿನ ಮೂಲ 1878ರಲ್ಲಿದೆ. ವೈಸ್‌ರಾಯ್ ಲಿಟ್ಟನ್ ತಂದ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಭಾರತೀಯನಿಗೆ ಲೈಸೆನ್ಸ್ ಬೇಕು, ಯುರೋಪಿಯನ್ನನಿಗೆ ವಿನಾಯಿತಿ. 1885ರಲ್ಲಿ ಮುಂಬೈಯಲ್ಲಿ ಹುಟ್ಟಿದ ಕಾಂಗ್ರೆಸ್ ತನ್ನ ಮೊದಲ ವರ್ಷಗಳ ಅಧಿವೇಶನಗಳಲ್ಲೇ ಈ ತಾರತಮ್ಯವನ್ನು ಎತ್ತಿತು. ಆ ನೋವು ನ್ಯಾಯವಾದದ್ದು. 1891ರಲ್ಲಿ ಲಂಡನ್ನಿನ ಆರ್ಮಿ ಅಂಡ್ ನೇವಿ ಸ್ಟೋರ್ಸ್ ಮುಂಬೈಯಲ್ಲಿ ತನ್ನ ಶಾಖೆ ತೆರೆಯಿತು. ಕಾಲಾ ಘೋಡಾದಲ್ಲಿ ಆ ಹೆಸರಿನ ಕಟ್ಟಡ ಇಂದಿಗೂ ಇದೆ. ಬ್ರಿಟಿಷ್ ಅಧಿಕಾರಿಗಳು ಸೂಟಿನಿಂದ ಹಿಡಿದು ಶಿಕಾರಿ ಸಾಮಾನಿನವರೆಗೆ ಎಲ್ಲವನ್ನೂ ಕೊಳ್ಳುತ್ತಿದ್ದುದು ಇಂಥ ಮಳಿಗೆಗಳಲ್ಲಿ. ಅವರ ಸೊಂಟದಲ್ಲಿ ಇರುತ್ತಿದ್ದುದು ಬಹುತೇಕ ಬರ್ಮಿಂಗ್‌ಹ್ಯಾಮಿನ ವೆಬ್ಲಿ ರಿವಾಲ್ವರು. ಮೇಲಿನಿಂದ ಮುರಿದು ತೆರೆದರೆ ಖಾಲಿ ತೋಟೆಗಳೆಲ್ಲ ಒಮ್ಮೆಗೇ ಹೊರಗೆ ಚಿಮ್ಮುವ ಗಟ್ಟಿ ಆಯುಧ ಅದು. ಒಂದು ಸಾಮ್ರಾಜ್ಯವೇ ಒಂದು ಕಂಪನಿಗೆ ಒಗ್ಗಿಹೋಗಿತ್ತು.

ಎದುರು ಬದಿಯಲ್ಲಿದ್ದ ಕ್ರಾಂತಿಕಾರಿಗಳ ಒಲವು ಬೇರೆ ಹೆಸರಿನ ಮೇಲಿತ್ತು. 1909ರ ಆರಂಭದಲ್ಲಿ ಲಂಡನ್ನಿನ ಇಂಡಿಯಾ ಹೌಸ್‌ನಲ್ಲಿ ಅಡುಗೆ ಕೆಲಸಕ್ಕಿದ್ದ ಚತುರ್ಭುಜ ಅಮೀನ್ ಮುಂಬೈಯಲ್ಲಿ ಬಂದಿಳಿದ. ಅವನ ಪೆಟ್ಟಿಗೆಯ ಕಳ್ಳತಳದಲ್ಲಿ ಇಪ್ಪತ್ತು ಬ್ರೌನಿಂಗ್ ಪಿಸ್ತೂಲುಗಳಿದ್ದವು, ಕಳಿಸಿದವರು ವಿನಾಯಕ ದಾಮೋದರ ಸಾವರ್ಕರ್. ಅದೇ ವರ್ಷದ ಡಿಸೆಂಬರ್ 21ರಂದು ನಾಸಿಕ್‌ನ ವಿಜಯಾನಂದ ನಾಟಕಗೃಹದಲ್ಲಿ ಅನಂತ ಕಾನ್ಹೇರೆ ಕಲೆಕ್ಟರ್ ಜಾಕ್ಸನ್‌ನನ್ನು ಕೊಂದದ್ದು ಆ ಇಪ್ಪತ್ತರಲ್ಲಿ ಒಂದರಿಂದ. ಬ್ರೌನಿಂಗ್ ವೆಬ್ಲಿಗಿಂತ ಚಪ್ಪಟೆ, ಹಗುರ, ಅಂಗಿಯೊಳಗೆ ಅಡಗುತ್ತದೆ. ಎಲ್ಲವೂ ಒಂದೇ ಕಂಪನಿಯದಾದರೆ ತೋಟೆಯನ್ನೂ ಒಬ್ಬರಿಗೊಬ್ಬರು ಹಂಚಿಕೊಳ್ಳಬಹುದು. ಗುಟ್ಟಾಗಿ ಆಯುಧ ಸಾಗಿಸುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಯಾವುದಿದ್ದೀತು?

ಈ ಬ್ರೌನಿಂಗ್ ಎಂಬ ಹೆಸರಿನ ಹತ್ತಿರ ಸ್ವಲ್ಪ ನಿಲ್ಲಬೇಕು. ಅಮೆರಿಕದ ಜಾನ್ ಬ್ರೌನಿಂಗ್ ಬೆಲ್ಜಿಯಮ್ಮಿನ ಎಫ್.ಎನ್. ಕಾರ್ಖಾನೆಗಾಗಿ 1899ರಲ್ಲಿ ಒಂದು ಪುಟ್ಟ ತೋಟೆಯನ್ನು ರೂಪಿಸಿದ. ಯುರೋಪಿನಲ್ಲಿ ಅದು 7.65 ಮಿಲಿಮೀಟರ್, ಅಮೆರಿಕದಲ್ಲಿ ಪಾಯಿಂಟ್ 32. ಅವನೇ ಅಮೆರಿಕದ ಕೋಲ್ಟ್ ಕಂಪನಿಗೆ 1903ರ ಜೇಬು ಪಿಸ್ತೂಲನ್ನು ಮಾಡಿಕೊಟ್ಟ. 1928ರಲ್ಲಿ ಲಾಹೋರಿನಲ್ಲಿ ಪೊಲೀಸ್ ಅಧಿಕಾರಿ ಸ್ಯಾಂಡರ್ಸ್‌ನ ಮೇಲೆ ಭಗತ್ ಸಿಂಗ್ ಹಾರಿಸಿದ್ದು ಪಾಯಿಂಟ್ 32ರ ಕೋಲ್ಟ್. 1931ರ ಫೆಬ್ರುವರಿ 27ರಂದು ಅಲಹಾಬಾದಿನ ಆಲ್ಫ್ರೆಡ್ ಪಾರ್ಕಿನಲ್ಲಿ ಚಂದ್ರಶೇಖರ ಆಜಾದ್ ಕೊನೆಯ ಗಳಿಗೆಯವರೆಗೆ ಹಿಡಿದಿದ್ದೂ ಕೋಲ್ಟೇ. ಹುಡುಗನಾಗಿದ್ದಾಗ ಮುಂಬೈಯ ಬಂದರಿನಲ್ಲಿ ಕೂಲಿ ಮಾಡಿದ್ದನೆಂದು ಜೀವನಚರಿತ್ರೆಗಳು ಹೇಳುವ ಆಜಾದ್, ತನ್ನ ಪಿಸ್ತೂಲಿಗೆ ಪ್ರೀತಿಯಿಂದ ‘ಬಮ್ತುಲ್ ಬುಖಾರಾ’ ಎಂದು ಹೆಸರಿಟ್ಟಿದ್ದ. ಅಲಹಾಬಾದ್ ವಸ್ತುಸಂಗ್ರಹಾಲಯದಲ್ಲಿ ಅದನ್ನು ಇಂದಿಗೂ ನೋಡಬಹುದು. ಆಯುಧಕ್ಕೆ ಹೆಸರಿಡುವಷ್ಟು ಅಕ್ಕರೆ ಬರುವುದು ಅದನ್ನು ಬಿಟ್ಟರೆ ಬೇರೆ ಆಸರೆ ಇಲ್ಲದವನಿಗೆ. ಆಜಾದನ ಸಂಗಾತಿ, ದುರ್ಗಾ ಭಾಭಿ ಎಂದೇ ಹೆಸರಾದ ದುರ್ಗಾವತಿ ದೇವಿ, 1930ರ ಅಕ್ಟೋಬರ್‌ನಲ್ಲಿ ಮುಂಬೈಯ ಲ್ಯಾಮಿಂಗ್ಟನ್ ರಸ್ತೆ ಪೊಲೀಸ್ ಠಾಣೆಯ ಬಳಿ ಬ್ರಿಟಿಷ್ ಸಾರ್ಜೆಂಟ್ ಮೇಲೆ ಗುಂಡು ಹಾರಿಸಿದ ಗುಂಪಿನಲ್ಲಿದ್ದರು. ಪಿಸ್ತೂಲು ಹಿಡಿದ ಹೆಣ್ಣಿನ ಸುದ್ದಿ ಆ ಕಾಲದ ಮುಂಬೈಗೆ ಹೊಸದು.

ಸ್ವಾತಂತ್ರ್ಯ ಬಂತು. 1959ರಲ್ಲಿ ಎರಡು ಸಂಗತಿಗಳು ನಡೆದವು. ಏಪ್ರಿಲ್ 27ರಂದು ಐಎನ್‌ಎಸ್ ಮೈಸೂರು ಯುದ್ಧನೌಕೆಯ ಅಧಿಕಾರಿ ಕಮಾಂಡರ್ ಕೆ.ಎಂ. ನಾನಾವತಿ ಏನೋ ನೆಪ ಹೇಳಿ ಹಡಗಿನ ಉಗ್ರಾಣದಿಂದ ಒಂದು ರಿವಾಲ್ವರನ್ನೂ ಆರು ತೋಟೆಗಳನ್ನೂ ಪಡೆದು, ತನ್ನ ಹೆಂಡತಿಯ ಪ್ರಿಯಕರ ಪ್ರೇಮ್ ಅಹುಜಾನ ಮನೆಗೆ ಹೋಗಿ ಅವನನ್ನು ಕೊಂದ. ಬ್ಲಿಟ್ಜ್ ಪತ್ರಿಕೆ ನಾನಾವತಿಯ ಪರ ನಿಂತಿತು, ಊರೆಲ್ಲ ಅದೇ ಮಾತು. ಮುಂಬೈಯ ಬೀದಿಗಳಲ್ಲಿ ‘ನಾನಾವತಿ ರಿವಾಲ್ವರ್’ ಎಂಬ ಆಟಿಕೆ ಮಾರಾಟವಾಯಿತು. ಒಂದು ಸಾವಿನ ಆಯುಧ ಮಕ್ಕಳ ಆಟದ ಸಾಮಾನಾಗುವುದು ಇಂದಿಗೂ ಮನಸ್ಸನ್ನು ಕಲಕುವ ಸಂಗತಿ.

ಅದೇ ವರ್ಷದ ಕೊನೆಯಲ್ಲಿ ಸಂಸತ್ತು ಹೊಸ ಶಸ್ತ್ರಾಸ್ತ್ರ ಕಾಯಿದೆಯನ್ನು ಒಪ್ಪಿತು. ಜಾತಿ ಜನಾಂಗದ ತಾರತಮ್ಯ ಹೋಯಿತು, ಆದರೆ ಬೋರಿನ, ಅಂದರೆ ನಳಿಗೆಯ ಒಳ ಅಳತೆಯ, ಗೆರೆ ಉಳಿಯಿತು. ಸೈನ್ಯ ಮತ್ತು ಪೊಲೀಸರು ಬಳಸುವ 9 ಎಂಎಂ, ಪಾಯಿಂಟ್ 38, ಪಾಯಿಂಟ್ 455 ಮತ್ತು ಪಾಯಿಂಟ್ 303 ‘ಪ್ರೊಹಿಬಿಟೆಡ್ ಬೋರ್’, ಜನಸಾಮಾನ್ಯರಿಗೆ ನಿಷಿದ್ಧ. ಸರ್ಕಾರಿ ಗುಂಡು ಸೋರಿ ಹೋಗಬಾರದು ಎಂಬುದು ಇದರ ಹಿಂದಿನ ಲೆಕ್ಕ. ಹೀಗಾಗಿ ಮುಂಬೈಯ ವ್ಯಾಪಾರಿಗೆ, ಬಿಲ್ಡರಿಗೆ, ಸಿನಿಮಾ ನಟನಿಗೆ ಉಳಿದ ಮುಖ್ಯ ಆಯ್ಕೆ ಕ್ರಾಂತಿಕಾರಿಗಳ ಜೇಬಿನಲ್ಲಿದ್ದ ಅದೇ ಪಾಯಿಂಟ್ 32. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನ ವಿನಾಯಿತಿ ಇದೆ, ಕೋವಿ ಅಲ್ಲಿ ಮನೆದೇವರ ಜೊತೆಗೆ ಪೂಜೆಗೊಳ್ಳುವ ವಸ್ತು. ಮುಂಬೈಯಲ್ಲಿ ಅದು ಕ್ರಾಫರ್ಡ್ ಮಾರುಕಟ್ಟೆ ಎದುರಿನ ಪೊಲೀಸ್ ಆಯುಕ್ತರ ಕಚೇರಿಯ ಕಡತ. ಚುನಾವಣೆ ಬಂತೆಂದರೆ ಠಾಣೆಗೆ ಒಪ್ಪಿಸಬೇಕಾಗಿ ಬರುವುದೂ ಉಂಟು.

1980ರ ದಶಕದ ಮಧ್ಯದಲ್ಲಿ ಸರ್ಕಾರ ಖಾಸಗಿಯವರು ಬಂದೂಕು ಆಮದು ಮಾಡಿಕೊಳ್ಳುವುದನ್ನು ನಿಲ್ಲಿಸಿತು. ಇಂದಿನ ಅಭಿಮಾನದ ಸ್ವರೂಪವನ್ನು ತಿದ್ದಿದ್ದು ಎಲ್ಲಕ್ಕಿಂತ ಹೆಚ್ಚಾಗಿ ಈ ಒಂದು ನಿರ್ಧಾರ. ಅದಕ್ಕೆ ಮೊದಲು ದೇಶಕ್ಕೆ ಬಂದಿದ್ದ ಜರ್ಮನಿಯ ವಾಲ್ಥರ್ ಪಿಪಿಕೆ, ಇಟಲಿಯ ಬೆರೆಟ್ಟಾ, ಬೆಲ್ಜಿಯಮ್ಮಿನ ಬ್ರೌನಿಂಗ್, ಇಂಗ್ಲೆಂಡಿನ ವೆಬ್ಲಿ ಅಂಡ್ ಸ್ಕಾಟ್ ಮಾತ್ರ ಉಳಿದವು. ಹೊಸದು ಬರುವುದಿಲ್ಲ, ಹಳೆಯದು ಸವೆಯುತ್ತದೆ. ಬೆಲೆ ಲಕ್ಷಗಳಿಗೆ ಏರಿತು. ಅಪ್ಪನ ಲೈಸೆನ್ಸಿನಲ್ಲಿದ್ದ ವಾಲ್ಥರ್ ಮಗನ ಹೆಸರಿಗೆ ವರ್ಗವಾಯಿತು, ಅಜ್ಜನ ಫಿಯೆಟ್ ಕಾರನ್ನು ಒರೆಸಿ ಒರೆಸಿ ಕಾಪಾಡುವ ಮನೆಗಳ ಹಾಗೆ. ಬಿಡಿಭಾಗ ಸಿಗದಿದ್ದರೂ ತೋಟೆಗೆ ತೊಂದರೆ ಇಲ್ಲ, ಪುಣೆಯ ಖಡ್ಕಿಯ ಸರ್ಕಾರಿ ಕಾರ್ಖಾನೆ ಅದನ್ನು ತಯಾರಿಸುತ್ತದೆ. ಬ್ರೌನಿಂಗ್ 1899ರಲ್ಲಿ ರೂಪಿಸಿದ ತೋಟೆ ಖಡ್ಕಿಯಲ್ಲಿ ತಯಾರಾಗಿ ಬಾಂದ್ರಾದ ತಿಜೋರಿಯೊಳಗಿನ ಜರ್ಮನ್ ಪಿಸ್ತೂಲಿಗೆ ಹೊಂದುತ್ತದೆ.

ಆಮದು ಬೇಡವೆಂದರೆ ಕಾನ್ಪುರದ ಸರ್ಕಾರಿ ಪಾಯಿಂಟ್ 32 ರಿವಾಲ್ವರ್. ಮೂಲ ನಕ್ಷೆ ವೆಬ್ಲಿಯದೇ, ಅದೇ ರೀತಿ ಮೇಲಿನಿಂದ ಮುರಿದು ತೆರೆಯುವಂಥದು. 2014ರ ಜನವರಿಯಲ್ಲಿ ಅದರ ಹಗುರ ಅವತಾರ ‘ನಿರ್ಭೀಕ್’ ಮಹಿಳೆಯರಿಗಾಗಿ ಎಂದು ಬಂತು. ತೂಕ ಸುಮಾರು ಅರ್ಧ ಕಿಲೋ, ಆಗಿನ ಬೆಲೆ ಸುಮಾರು 1.22 ಲಕ್ಷ ರೂಪಾಯಿ. ಲೋಕಲ್ ರೈಲಿನಲ್ಲಿ ರಾತ್ರಿ ಮನೆ ಸೇರುವ ಹೆಣ್ಣುಮಗಳಿಗೆ ಈ ಬೆಲೆಯ ಆಯುಧ ರಕ್ಷಣೆ ಕೊಟ್ಟೀತೆಂಬ ಮಾತು ಆಗಲೂ ಅನೇಕರಿಗೆ ಒಪ್ಪಿಗೆಯಾಗಲಿಲ್ಲ, ಒಪ್ಪದಿದ್ದುದೇ ಸರಿ. 2020ರಲ್ಲಿ ವೆಬ್ಲಿ ಅಂಡ್ ಸ್ಕಾಟ್ ತಾನೇ ಉತ್ತರ ಪ್ರದೇಶದ ಹರ್ದೋಯಿ ಜಿಲ್ಲೆಯಲ್ಲಿ ಭಾರತೀಯ ಪಾಲುದಾರರೊಂದಿಗೆ ಪಾಯಿಂಟ್ 32 ರಿವಾಲ್ವರ್ ತಯಾರಿಕೆಗೆ ಇಳಿಯಿತು.

ಕಾನೂನಿನ ಗೆರೆಯಾಚೆಗೂ ಈ ನಗರದಲ್ಲಿ ಪಿಸ್ತೂಲುಗಳಿದ್ದವು. ಭೂಗತ ಲೋಕದವರು ‘ಘೋಡಾ’ ಎಂದು ಕರೆದ ಆ ಕಳ್ಳಸಾಗಣೆಯ ಆಯುಧಗಳಿಂದ ಎಷ್ಟೋ ಮನೆಗಳು ಅನಾಥವಾದವು. ನಟ ಸಂಜಯ್ ದತ್ ಶಿಕ್ಷೆ ಅನುಭವಿಸಿದ್ದು 1993ರ ಮುಂಬೈ ಬಾಂಬ್ ಸ್ಫೋಟದ ಪ್ರಕರಣದಲ್ಲಿ ಎಕೆ-56 ಬಂದೂಕಿನ ಜೊತೆಗೆ ಒಂದು 9 ಎಂಎಂ ಪಿಸ್ತೂಲನ್ನೂ ಅಕ್ರಮವಾಗಿ ಇಟ್ಟುಕೊಂಡದ್ದಕ್ಕೆ. ಪೊಲೀಸರಿಗಂತೂ ಆಯ್ಕೆಯೇ ಇಲ್ಲ. ಕಾರ್ಕಳದ ಬಳಿಯ ಎಣ್ಣೆಹೊಳೆಯಿಂದ ಬಂದು, ಮುಂಬೈಯ ಹೋಟೆಲಿನಲ್ಲಿ ದುಡಿದು, 1995ರಲ್ಲಿ ಇಲಾಖೆ ಸೇರಿದ ದಯಾ ನಾಯಕ್ ಅವರಂಥ ಹೆಸರಾಂತ ಅಧಿಕಾರಿಯೂ ಸರ್ವಿಸ್ ಆಯುಧವನ್ನು ಪಡೆಯಬೇಕಾಗಿದ್ದುದು ಸರ್ಕಾರದಿಂದಲೇ.

ಲೈಸೆನ್ಸ್ ಇದ್ದ ಮಾತ್ರಕ್ಕೆ ಅಪಾಯ ತಪ್ಪುವುದಿಲ್ಲ. 2024ರ ಅಕ್ಟೋಬರ್ 1ರ ಬೆಳಗ್ಗೆ ಜುಹುವಿನಲ್ಲಿ ನಟ ಗೋವಿಂದ ಅವರ ಸ್ವಂತ ರಿವಾಲ್ವರಿನ ಗುಂಡು ಅವರ ಕಾಲಿಗೇ ಹೊಕ್ಕಿತು. ಎಷ್ಟು ವರ್ಷದ ನಂಟಿದ್ದರೂ ಪ್ರತಿ ಸಲವೂ ತೋಟೆ ತೆಗೆದು ನೋಡಬೇಕೆಂಬುದು ರೇಂಜಿನಲ್ಲಿ ಮೊದಲ ದಿನವೇ ಕಲಿಸುವ ಪಾಠ.

ಆ ರೇಂಜುಗಳಲ್ಲಿ ಆಯ್ಕೆ ನಿಜಕ್ಕೂ ತೆರೆದುಕೊಂಡಿದೆ. ವರ್ಲಿಯಲ್ಲಿ ಮಹಾರಾಷ್ಟ್ರ ರೈಫಲ್ ಅಸೋಸಿಯೇಷನ್ನಿನ ಅಂಗಳವಿದೆ. ಪನ್ವೇಲ್ ಆಚೆಯ ಕರ್ನಾಳದಲ್ಲಿ ಲಕ್ಷ್ಯ ಶೂಟಿಂಗ್ ಕ್ಲಬ್ ಇದೆ. ಅದನ್ನು ಕಟ್ಟಿದವರು ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರ್, 2004ರಲ್ಲಿ ಕೌಲಾಲಂಪುರದಲ್ಲಿ ಏರ್ ರೈಫಲ್‌ನಲ್ಲಿ 400ಕ್ಕೆ 400 ಅಂಕ ಗಳಿಸಿದವರು. ಹತ್ತು ಮೀಟರ್ ಏರ್ ಪಿಸ್ತೂಲಿನ ಸ್ಪರ್ಧಿಗಳಲ್ಲಿ ಸ್ವಿಟ್ಜರ್ಲೆಂಡಿನ ಮೊರಿನಿ, ಆಸ್ಟ್ರಿಯದ ಸ್ಟೆಯರ್, ಜರ್ಮನಿಯ ವಾಲ್ಥರ್ ಎಂದು ಪಕ್ಷಗಳೇ ಇವೆ. ಪಿಸ್ತೂಲು ಒಂದೂವರೆ ಕಿಲೋ ಮೀರಬಾರದು, ಟ್ರಿಗರ್ ಕನಿಷ್ಠ 500 ಗ್ರಾಂ ಭಾರ ತಾಳಬೇಕು. ಈ ಮಿತಿಯೊಳಗೆ ಮರದ ಹಿಡಿಯನ್ನು ಉಜ್ಜಿ, ಪುಟ್ಟಿ ತುಂಬಿ, ಮತ್ತೆ ಉಜ್ಜಿ ಒಬ್ಬರ ಅಂಗೈಯ ಏರುತಗ್ಗಿಗೆ ತಕ್ಕಂತೆ ಕೂಡಿಸುತ್ತಾರೆ. ಹಾಗೆ ಕೂತ ಪಿಸ್ತೂಲು ಇನ್ನೊಬ್ಬರ ಕೈಗೆ ಆಗುವುದಿಲ್ಲ.

ಹೀಗೆ ಒಂದೇ ಪಿಸ್ತೂಲಿಗೆ ಒಗ್ಗಿಹೋಗುವುದರ ಬೆಲೆ ಏನೆಂದು 2021ರ ಜುಲೈ 25ರಂದು ಟೋಕಿಯೊ ಒಲಿಂಪಿಕ್ಸಿನಲ್ಲಿ ದೇಶವೇ ಕಂಡಿತು. ಅರ್ಹತಾ ಸುತ್ತಿನ ನಡುವೆ ಶೂಟರ್ ಮನು ಭಾಕರ್ ಅವರ ಮೊರಿನಿ ಪಿಸ್ತೂಲು ಕೈಕೊಟ್ಟಿತು. ಅಂದು ಅವರ ಜೊತೆ ನಿಂತ ಪಿಸ್ತೂಲು ಕೋಚ್ ಮುಂಬೈಯ ರೋನಕ್ ಪಂಡಿತ್. ದುರಸ್ತಿಗೆ ಅಮೂಲ್ಯ ನಿಮಿಷಗಳು ಹೋದವು. ಮನು 575 ಅಂಕಕ್ಕೆ ನಿಂತರು, ಎರಡೇ ಅಂಕದಿಂದ ಫೈನಲ್ ತಪ್ಪಿತು. 2024ರ ಜುಲೈ 28ರಂದು ಪ್ಯಾರಿಸ್‌ನಲ್ಲಿ ಅದೇ ಹತ್ತು ಮೀಟರ್ ಸ್ಪರ್ಧೆಯಲ್ಲಿ ಅವರು ಕಂಚು ಗೆದ್ದರು.

ಏರ್ ಪಿಸ್ತೂಲಿನ ಬೋರ್ 4.5 ಮಿಲಿಮೀಟರ್, ಶಕ್ತಿ 20 ಜೂಲ್‌ಗಿಂತ ಎಷ್ಟೋ ಕಡಿಮೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಅದಕ್ಕೆ ಲೈಸೆನ್ಸ್ ಬೇಕಿಲ್ಲ. ಡೊಂಬಿವಲಿಯಿಂದಲೋ ಥಾಣೆಯಿಂದಲೋ ಭಾನುವಾರ ಚೀಲ ಹೆಗಲಿಗೇರಿಸಿ ಹೊರಡುವ ಹುಡುಗಿಗೆ ಕ್ರಾಫರ್ಡ್ ಮಾರುಕಟ್ಟೆಯ ಕಡತದ ಗೊಡವೆ ಇಲ್ಲ. ಮೊದಲು ಕ್ಲಬ್ಬಿನ ಪಿಸ್ತೂಲಿನಲ್ಲಿ ಕಲಿಯುತ್ತಾಳೆ, ನಾಲ್ಕಾರು ಕಂಪನಿಯವನ್ನು ಕೈಯಲ್ಲಿ ಹಿಡಿದು ನೋಡುತ್ತಾಳೆ, ಮನೆಯವರು ಹಣ ಹೊಂದಿಸಿದ ಮೇಲೆ ತನಗೆ ಒಗ್ಗಿದ್ದನ್ನು ತಾನೇ ಆರಿಸುತ್ತಾಳೆ.