ಗಡಿನಾಡಿನ ಮಕ್ಕಳೂ ರಾಜ್ಯಶಾಸ್ತ್ರದ ವ್ಯಾಸಂಗವೂ
(ಶಾಲೆಯ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಶಾಲೆಯನ್ನು ಮುಗಿಸಿ ಮುಂದಣ ವಿದ್ಯೆಗೆ ಹೋಗುವ ಮಕ್ಕಳಿಗೆ ಉಪಯೋಗವಾಗುವಂತಹ ನಾಲ್ಕು ಮಾತುಗಳನ್ನು ಆಡಬೇಕೆಂದು ಸಂಘದವರು ಅಪ್ಪಣೆ ಮಾಡಿದ್ದಾರೆ. ವೈದ್ಯವಿದ್ಯೆ, ಯಂತ್ರವಿದ್ಯೆಗಳ ಹಿರಿಮೆಯನ್ನು ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ಆದುದರಿಂದ, ನಮ್ಮಲ್ಲಿ ಯಾರೂ ಅಷ್ಟಾಗಿ ಲಕ್ಷ್ಯಕ್ಕೆ ತಂದುಕೊಳ್ಳದ ಒಂದು ವಿಷಯವನ್ನು ನಾನು ಆರಿಸಿಕೊಂಡಿದ್ದೇನೆ. ಅದು ಬಿ.ಎ. ತರಗತಿಯ ರಾಜ್ಯಶಾಸ್ತ್ರ. ಬೇರೆ ಯಾವುದೂ ದೊರೆಯದವರಿಗೆ ಅದು ಕೊನೆಯ ದಾರಿಯೆಂಬ ಭಾವನೆ ಜನರಲ್ಲಿದೆ. ನಾರಾಯಣಪೇಟೆ, ಮಕ್ತಲ್, ಗದ್ವಾಲಗಳ ಕನ್ನಡ ಮಕ್ಕಳಿಗಾದರೋ ಅದು ತಮ್ಮ ಮನೆಯ ಕಥೆಯನ್ನೇ ತಿಳಿಸುವ ಶಾಸ್ತ್ರವೆಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಹೇಳುತ್ತೇನೆ.

1945ರಲ್ಲಿ ಗದ್ವಾಲದಲ್ಲಿ ಜನಿಸಿದ ಒಬ್ಬ ಅಜ್ಜಿಯನ್ನು ಕಲ್ಪಿಸಿಕೊಳ್ಳಿ. ಆಕೆ ಹುಟ್ಟಿದಾಗ ಗದ್ವಾಲವು ನಿಜಾಮರ ಅಧೀನದಲ್ಲಿದ್ದ ಸಂಸ್ಥಾನ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದೊಡನೆ ಸೇರಿತು. ಮುಂದೆ ಗದ್ವಾಲವು ರಾಯಚೂರು ಜಿಲ್ಲೆಯ ಒಂದು ತಾಲ್ಲೂಕಾಗಿದ್ದಿತು. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಬಂದಿತು. ಗದ್ವಾಲ, ಆಲಂಪುರ ತಾಲ್ಲೂಕುಗಳು ಮಾತ್ರ ಅದರಿಂದ ಬೇರೆಯಾಗಿ ಆಂಧ್ರಪ್ರದೇಶದ ಮಹಬೂಬನಗರ ಜಿಲ್ಲೆಗೆ ಸೇರಿದವು. 2014ರ ಜೂನ್ 2ರಂದು ತೆಲಂಗಾಣ ರಾಜ್ಯವಾಯಿತು. 2016ರಲ್ಲಿ ಜೋಗುಳಾಂಬ ಗದ್ವಾಲವೆಂಬ ಹೊಸ ಜಿಲ್ಲೆ ಹುಟ್ಟಿತು; 2019ರಲ್ಲಿ ನಾರಾಯಣಪೇಟೆಯೂ ಜಿಲ್ಲೆಯಾಯಿತು. ಅಜ್ಜಿಯು ತನ್ನ ಮನೆಯ ಹೊಸ್ತಿಲನ್ನು ಬಿಟ್ಟು ಕದಲಲಿಲ್ಲ; ಸರಕಾರಗಳೂ ಜಿಲ್ಲೆಗಳೂ ಬದಲಾದವು. ಹೀಗೆ ಬದಲಾಯಿಸುವ ಅಧಿಕಾರ ಯಾರದು? ಯಾವ ನಿಯಮದಿಂದ ಬದಲಾಯಿತು? ಬದಲಾದ ಮೇಲೆ ಆಕೆಯ ಮಾತಿಗೆ, ಮಕ್ಕಳ ಪಾಠಕ್ಕೆ ರಕ್ಷಣೆಯೇನು? ಈ ಪ್ರಶ್ನೆಗಳನ್ನು ಕ್ರಮವಾಗಿ ಕೇಳಿ ಉತ್ತರ ಹುಡುಕುವುದೇ ರಾಜ್ಯಶಾಸ್ತ್ರ.

ರಾಜಕೀಯ ಬೇರೆ, ರಾಜ್ಯಶಾಸ್ತ್ರ ಬೇರೆ. ಚುನಾವಣೆಯಲ್ಲಿ ಗೆಲ್ಲುವುದು ಹೇಗೆಂಬುದು ಮೊದಲನೆಯದರ ಚಿಂತೆ. ಗೆದ್ದವನ ಅಧಿಕಾರಕ್ಕೆ ಎಲ್ಲಿ ಮಿತಿ, ಸೋತವನ ಹಕ್ಕು ಎಲ್ಲಿ ಉಳಿಯುತ್ತದೆ ಎಂಬುದು ಎರಡನೆಯದರ ಚಿಂತೆ. ಕೋಪದಿಂದ ಕೂಗುವುದನ್ನು ಈ ಶಾಸ್ತ್ರ ಕಲಿಸುವುದಿಲ್ಲ. ಕಾಗದವನ್ನು ಓದುವುದನ್ನು ಕಲಿಸುತ್ತದೆ.

ಒಂದು ಉದಾಹರಣೆಯನ್ನು ಹೇಳುತ್ತೇನೆ. ರಾಜ್ಯಗಳ ಪುನರ್ವಿಂಗಡಣೆಗಾಗಿ 1953ರ ಡಿಸೆಂಬರಿನಲ್ಲಿ ಒಂದು ಆಯೋಗ ನೇಮಕವಾಯಿತು. ಫಜಲ್ ಅಲಿಯವರು ಅಧ್ಯಕ್ಷರು. ಹೃದಯನಾಥ ಕುಂಜ್ರು, ಕೆ. ಎಂ. ಪಣಿಕ್ಕರ್ ಸದಸ್ಯರು. 1955ರಲ್ಲಿ ಅವರ ವರದಿ ಹೊರಬಂದಿತು. ಒಂದು ಭಾಷೆಯವರು ನೂರಕ್ಕೆ 70 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ಆ ರಾಜ್ಯವನ್ನು ಏಕಭಾಷಾ ರಾಜ್ಯವೆಂದು ಎಣಿಸಬೇಕು, ಅಲ್ಪಸಂಖ್ಯಾತ ಭಾಷೆಯವರು ನೂರಕ್ಕೆ 30ರಷ್ಟಿದ್ದರೆ ಆಡಳಿತದಲ್ಲಿ ಎರಡು ಭಾಷೆಗಳಿರಬೇಕು ಎಂಬುದು ಅವರ ಸಲಹೆ. ಗದ್ವಾಲದ ಕಡೆ ತೆಲುಗು ನುಡಿಯುವವರೇ ಹೆಚ್ಚು. ಆ ದೃಷ್ಟಿಯಿಂದ ಗೆರೆ ಎಳೆದದ್ದಕ್ಕೆ ಕಾರಣವಿದೆ. ಆದರೆ ಎಲ್ಲಿ ಗೆರೆ ಎಳೆದರೂ ಅದರ ಆಚೆಗೆ ಕೆಲವರು ಉಳಿದೇ ಉಳಿಯುತ್ತಾರೆ. ಹಾಗೆ ಉಳಿದವರು ನಾವು. ಅತ್ತ ಕಾಸರಗೋಡಿನ ಕನ್ನಡಿಗರೂ ಹಾಗೆ ಉಳಿದವರೇ. ಕರ್ನಾಟಕದ ಗಡಿಯೊಳಗೂ ಹಾಗೆ ಉಳಿದ ತೆಲುಗರೂ ಮರಾಠಿಗರೂ ಇದ್ದಾರೆ. ನಮ್ಮ ಕಷ್ಟವನ್ನು ತಿಳಿಯಲು ಹೊರಟವನು ಅವರ ಕಷ್ಟವನ್ನೂ ತಿಳಿಯುತ್ತಾನೆ. ಇದು ಈ ವಿದ್ಯೆಯ ಒಂದು ದೊಡ್ಡ ಲಾಭ.

ಉಳಿದವರಿಗೆ ಸಂವಿಧಾನದಲ್ಲಿ ಏನು ಹೇಳಿದೆ? 30ನೆಯ ಅನುಚ್ಛೇದದ ಪ್ರಕಾರ ಭಾಷಾ ಅಲ್ಪಸಂಖ್ಯಾತರಿಗೆ ತಮ್ಮ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕುಂಟು. 1956ರ ಏಳನೆಯ ತಿದ್ದುಪಡಿಯಿಂದ ಬಂದ 350ಎ ಅನುಚ್ಛೇದವು, ಅಂತಹ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸಾಕಷ್ಟು ಸೌಕರ್ಯ ಒದಗಿಸಲು ರಾಜ್ಯವು ಪ್ರಯತ್ನಿಸಬೇಕೆಂದು ಹೇಳುತ್ತದೆ. ಮಕ್ಕಳೆ, ಈ ಎರಡು ಮಾತುಗಳ ಅಂತರವನ್ನು ಗಮನಿಸಿರಿ. ಒಂದು ಕಡೆ 'ಹಕ್ಕು' ಎಂದಿದೆ. ಇನ್ನೊಂದು ಕಡೆ 'ಪ್ರಯತ್ನ' ಎಂದಿದೆ. ಹಕ್ಕಿಗಾಗಿ ನ್ಯಾಯಾಲಯದ ಬಾಗಿಲನ್ನು ತಟ್ಟಬಹುದು. ಪ್ರಯತ್ನವನ್ನು ನಾವೇ ಎಚ್ಚರದಿಂದ ಮಾಡಿಸಿಕೊಳ್ಳಬೇಕು. ಅರ್ಜಿ ಬರೆಯುವವನಿಗೆ ಈ ಅಂತರ ತಿಳಿಯದಿದ್ದರೆ ಅರ್ಜಿಗೆ ಬಲವಿಲ್ಲ.

ಅಲ್ಪಸಂಖ್ಯಾತರೆಂಬ ಮಾತಿನ ಅರ್ಥವೂ ವಿಚಾರಯೋಗ್ಯವಾದುದು. ಮಣಿಪಾಲದ ಟಿ. ಎಂ. ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ 2002ರಲ್ಲಿ ಸರ್ವೋಚ್ಚ ನ್ಯಾಯಾಲಯದ ಹನ್ನೊಂದು ನ್ಯಾಯಾಧೀಶರ ಪೀಠವು, ಅಲ್ಪಸಂಖ್ಯಾತರು ಯಾರೆಂಬುದನ್ನು ರಾಜ್ಯವನ್ನು ಘಟಕವಾಗಿಟ್ಟುಕೊಂಡು ನಿರ್ಣಯಿಸಬೇಕೆಂದು ಹೇಳಿತು. ಕೃಷ್ಣೆಯನ್ನು ದಾಟಿ ರಾಯಚೂರಿಗೆ ಹೋದ ಕನ್ನಡಿಗನು ಬಹುಸಂಖ್ಯಾತ. ಮಕ್ತಲಿಗೆ ಹಿಂದಿರುಗಿದರೆ ಅವನೇ ಅಲ್ಪಸಂಖ್ಯಾತ. ಮನುಷ್ಯ ಅವನೇ, ಮಾತೂ ಅದೇ.

ತಾಯಿತಂದೆಗಳಿಗೆ ನೇರವಾಗಿ ಸಂಬಂಧಪಟ್ಟ ಎರಡು ಸಂಖ್ಯೆಗಳನ್ನು ಹೇಳುತ್ತೇನೆ. 1949ರಲ್ಲಿ ಪ್ರಾಂತಗಳ ವಿದ್ಯಾಮಂತ್ರಿಗಳು ಸೇರಿ, ಒಂದು ಶಾಲೆಯಲ್ಲಿ 40 ಅಥವಾ ಒಂದು ತರಗತಿಯಲ್ಲಿ 10 ಮಕ್ಕಳು ಒಂದೇ ಮಾತೃಭಾಷೆಯವರಿದ್ದರೆ ಆ ಭಾಷೆಯಲ್ಲಿ ಕಲಿಸಲು ಉಪಾಧ್ಯಾಯರನ್ನು ಕೊಡಬೇಕೆಂದು ಠರಾವು ಮಾಡಿದರು. 1956ರಲ್ಲಿ ಭಾರತ ಸರಕಾರವು ಸಂಸತ್ತಿನ ಮುಂದಿಟ್ಟ ಭಾಷಾ ರಕ್ಷಣೆಗಳ ಪತ್ರದಲ್ಲಿಯೂ ಅದೇ ಸೂತ್ರ ಬಂದಿತು. ಆದುದರಿಂದ ಒಂದು ಮನೆಯವರು ತಮ್ಮ ಮಗುವನ್ನು ಕನ್ನಡ ತರಗತಿಯಿಂದ ಬಿಡಿಸಿದಾಗ, ಆ ತರಗತಿಯ ಹತ್ತು ಒಂಬತ್ತಾಗುವ ಸಂಭವವುಂಟು. ಇದನ್ನು ಬೈಗುಳವೆಂದು ತಿಳಿಯಬಾರದು. ಲೆಕ್ಕ ತಿಳಿದು ಬಿಡಿಸುವುದು ಬೇರೆ, ತಿಳಿಯದೆ ಬಿಡಿಸುವುದು ಬೇರೆ ಎಂಬುದಿಷ್ಟೇ ನನ್ನ ಮಾತು.

ಭಾಷೆಯಂತೆ ನೀರಿನ ವಿಷಯವೂ ಈ ಶಾಸ್ತ್ರಕ್ಕೆ ಸೇರಿದುದು. ತುಂಗಭದ್ರೆಗೆ ಅಡ್ಡಲಾಗಿ ರಾಯಚೂರು ಜಿಲ್ಲೆಯ ರಾಜೋಳಿಬಂಡೆಯಲ್ಲಿ ಒಂದು ಅಣೆಕಟ್ಟು ಇದೆ. ಅಲ್ಲಿ ಕಾಲುವೆಗೆ ತಿರುಗಿದ ನೀರು ಮೊದಲು ಕರ್ನಾಟಕದಲ್ಲಿ ಹರಿದು ಬಳಿಕ ಗದ್ವಾಲ, ಆಲಂಪುರದ ಸೀಮೆಗೆ ಬರುತ್ತದೆ. ಅದಕ್ಕೆ ಗೊತ್ತುಮಾಡಿದ 17.1 ಟಿ.ಎಂ.ಸಿ. ನೀರಿನಲ್ಲಿ 1.2 ಕರ್ನಾಟಕದ ಪಾಲು, ಉಳಿದ 15.9 ಈ ಕಡೆಯದು. ತೂಬು ಒಂದು ರಾಜ್ಯದಲ್ಲಿ, ಹೊಲ ಇನ್ನೊಂದರಲ್ಲಿ. ನೀರು ಕಡಮೆ ಬಂದರೆ ರೈತನು ಯಾರನ್ನು ಕೇಳಬೇಕು? ಇದಕ್ಕೆ ಉತ್ತರ ಬೇಕಾದರೆ ಸಂಯುಕ್ತ ವ್ಯವಸ್ಥೆಯೆಂಬ ಅಧ್ಯಾಯವನ್ನು ಓದಬೇಕಾಗುತ್ತದೆ.

ಬಿ.ಎ.ಯ ಮೂರು ವರ್ಷಗಳಲ್ಲಿ ಏನನ್ನು ಕಲಿಸುತ್ತಾರೆ? ರಾಜ್ಯ, ಸಾರ್ವಭೌಮತ್ವ, ಸ್ವಾತಂತ್ರ್ಯ, ಸಮಾನತೆ, ನ್ಯಾಯ ಎಂಬ ಮೂಲಭಾವನೆಗಳು; ಭಾರತದ ಸಂವಿಧಾನ; ಪ್ಲೇಟೋ, ಅರಿಸ್ಟಾಟಲ್ ಮೊದಲುಗೊಂಡು ಪಾಶ್ಚಾತ್ಯರ ವಿಚಾರ; ಕೌಟಿಲ್ಯ, ಗಾಂಧಿ, ಅಂಬೇಡ್ಕರ್ ಇವರ ವಿಚಾರ; ಅನ್ಯದೇಶಗಳ ಸರಕಾರಗಳು; ರಾಷ್ಟ್ರಗಳ ಪರಸ್ಪರ ಸಂಬಂಧ. ಕೌಟಿಲ್ಯನ ಅರ್ಥಶಾಸ್ತ್ರವು ಬಹುಕಾಲ ಕಣ್ಮರೆಯಾಗಿದ್ದು, ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿ 1909ರಲ್ಲಿ ಅಚ್ಚಾಯಿತು. ಲೋಕದ ವಿಶ್ವವಿದ್ಯಾನಿಲಯಗಳು ಓದುವ ಈ ಗ್ರಂಥವು ಕನ್ನಡನಾಡಿನ ಒಂದು ಗ್ರಂಥಭಂಡಾರದಿಂದ ಬೆಳಕಿಗೆ ಬಂದಿತೆಂಬುದು ನಮಗೆ ಹೆಮ್ಮೆಯ ಸಂಗತಿ.

ಈಗ ಭಾಷೆಯ ತೊಡಕು. ತೆಲಂಗಾಣದ ಕಾಲೇಜುಗಳಲ್ಲಿ ಬೋಧನೆ ಇಂಗ್ಲಿಷ್, ತೆಲುಗು, ಉರ್ದುಗಳಲ್ಲಿ ನಡೆಯುತ್ತದೆ. ಕನ್ನಡದಲ್ಲಿ ಓದಿದ ಮಗುವಿಗೆ ಮೊದಲ ವರ್ಷ ಕಷ್ಟವಾಗುವುದು ಸಹಜ. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಉರ್ದುವಿನಲ್ಲಿ ಉಚ್ಚ ಶಿಕ್ಷಣ ಕೊಟ್ಟು, ದೇಶಭಾಷೆಯಲ್ಲಿ ಶಾಸ್ತ್ರಬೋಧನೆ ಸಾಧ್ಯವೆಂಬುದನ್ನು ತೋರಿಸಿತು. ಕನ್ನಡದಲ್ಲಿಯೂ ಡಿ. ವಿ. ಗುಂಡಪ್ಪನವರಂತಹ ಹಿರಿಯರು ಈ ಶಾಸ್ತ್ರದ ಮೇಲೆ ಗ್ರಂಥಗಳನ್ನು ಬರೆದಿದ್ದಾರೆ. ವಿಷಯವನ್ನು ಮೊದಲು ಕನ್ನಡದಲ್ಲಿ ಓದಿ ತಿಳಿದುಕೊಂಡು, ಬಳಿಕ ಇಂಗ್ಲಿಷಿನ ಪರಿಭಾಷೆಯನ್ನು ಕಲಿತರೆ ತೊಡಕು ಸಡಿಲವಾಗುತ್ತದೆ. ತೆಲುಗನ್ನು ಬಲ್ಲ ನಮ್ಮ ಮಕ್ಕಳಿಗೆ ಅದೂ ಒಂದು ಸಂಪತ್ತು, ಅದನ್ನು ಕಳೆದುಕೊಳ್ಳಬಾರದು.

ಮಕ್ಕಳನ್ನು ಗಡಿಯಾಚೆಗೆ ಕಳುಹಿಸುವ ಪೋಷಕರು ಒಂದು ವಿಷಯವನ್ನು ವಿಚಾರಿಸಿಕೊಳ್ಳಬೇಕು. ಇಲ್ಲಿ 371ಡಿ ಅನುಚ್ಛೇದದ ಮೇರೆಗೂ, ಅಲ್ಲಿ ಕಲಬುರಗಿ, ರಾಯಚೂರು, ಯಾದಗಿರಿ ಮೊದಲಾದ ಜಿಲ್ಲೆಗಳಲ್ಲಿ 371ಜೆ ಅನುಚ್ಛೇದದ ಮೇರೆಗೂ ವಿದ್ಯೆ ಉದ್ಯೋಗಗಳಲ್ಲಿ ಸ್ಥಳೀಯರಿಗೆ ಮೀಸಲಾತಿಯಿದೆ. ಎರಡರ ನಿಯಮಗಳೂ ಬೇರೆ ಬೇರೆ. ಇಲ್ಲಿ ಸ್ಥಳೀಯರು ಯಾರೆಂಬುದು ಮುಖ್ಯವಾಗಿ ಎಲ್ಲಿ, ಎಷ್ಟು ವರ್ಷ ಓದಿದರೆಂಬುದರ ಮೇಲೆ ನಿಂತಿದೆ. ಶಾಲೆ ಬದಲಾಯಿಸುವ ಮೊದಲು ನಿಯಮವನ್ನು ಓದಿರಿ. ವ್ಯಾಸಂಗದ ಪ್ರಮಾಣಪತ್ರಗಳನ್ನು ಜೋಪಾನವಾಗಿಡಿರಿ.

"ಇದನ್ನು ಓದಿ ಹೊಟ್ಟೆ ತುಂಬುತ್ತದೆಯೆ?" ಎಂದು ಕೇಳುವಿರಿ. ನ್ಯಾಯವಾದ ಪ್ರಶ್ನೆ. ಪದವಿಯೊಂದೇ ಉದ್ಯೋಗವನ್ನು ತಂದುಕೊಡುವುದಿಲ್ಲ. ಆದರೆ ವಕೀಲಿ, ಅಧ್ಯಾಪನ, ಪತ್ರಿಕಾವೃತ್ತಿಗಳಿಗೆ ಇದು ಗಟ್ಟಿಯಾದ ತಳಹದಿ. ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಯಲ್ಲಿ ಇದು ಐಚ್ಛಿಕ ವಿಷಯಗಳಲ್ಲೊಂದು. ಆ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಬಹುದು. ಹೆಣ್ಣುಮಕ್ಕಳ ತಾಯಿತಂದೆಗಳು ಇನ್ನೊಂದನ್ನು ನೆನಪಿಡಬೇಕು. 1993ರಲ್ಲಿ ಜಾರಿಗೆ ಬಂದ 73ನೆಯ ತಿದ್ದುಪಡಿಯು ಪಂಚಾಯಿತಿಗಳಲ್ಲಿ ಮೂರರಲ್ಲೊಂದು ಪಾಲಿಗೆ ಕಡಮೆಯಿಲ್ಲದಂತೆ ಸ್ಥಾನಗಳನ್ನು ಸ್ತ್ರೀಯರಿಗೆ ಮೀಸಲಿಟ್ಟಿದೆ. ಆ ಸ್ಥಾನದಲ್ಲಿ ಕುಳಿತ ಹೆಣ್ಣುಮಗಳು ಪತಿ ತೋರಿಸಿದೆಡೆ ರುಜು ಹಾಕುವವಳಾಗದೆ, ತಾನೇ ಓದಿ ರುಜು ಹಾಕುವವಳಾಗಬೇಕಾದರೆ ಈ ವಿದ್ಯೆ ಬೇಕು.

ವಿದ್ಯಾರ್ಥಿ ಮಿತ್ರರೆ, ನೀವೆಲ್ಲರೂ ರಾಜ್ಯಶಾಸ್ತ್ರವನ್ನೇ ಓದಬೇಕೆಂದು ನಾನು ಹೇಳುವುದಿಲ್ಲ. ಪ್ರತಿಯೊಂದು ಊರಿನಿಂದ ಒಬ್ಬಿಬ್ಬರಾದರೂ, ಬೇರೆ ದಾರಿಯಿಲ್ಲದೆ ಅಲ್ಲ, ಬೇಕೆಂದೇ ಆರಿಸಿಕೊಂಡು ಅದನ್ನು ಓದಬೇಕೆಂಬುದು ನನ್ನ ಬೇಡಿಕೆ. ನಮ್ಮ ಶಾಲೆಯ ವಿಷಯವಾಗಿ ಕಚೇರಿಯಿಂದ ಕಾಗದವೊಂದು ಬಂದಾಗ ಅದನ್ನು ಅರ್ಥಮಾಡಿಕೊಂಡು, ಅನುಚ್ಛೇದವನ್ನು ಹೆಸರಿಸಿ, ವಿನಯದಿಂದಲೂ ದೃಢವಾಗಿಯೂ ಉತ್ತರ ಬರೆಯಬಲ್ಲವರು ಇಲ್ಲಿಯೇ, ಈ ಬೆಂಚುಗಳ ಮೇಲೆಯೇ ತಯಾರಾಗಬೇಕು. ನಿಮಗೆ ಶುಭವಾಗಲಿ.