‘ಲೇ’ ಎಂಬ ಮಾತಿನ ಲೆಕ್ಕ

ಹುಬ್ಬಳ್ಳಿಯ ಪೇಟೆಯಲ್ಲಿ ಹಳೆಯ ಗೆಳೆಯರಿಬ್ಬರು ಎದುರಾದರೆ “ಏನಲೇ ಮಗನ, ಎಲ್ಲಿ ಸತ್ತಿದ್ದಿ?” ಎಂದೇ ಮಾತು ತೆಗೆಯುವರು. ಪರಸ್ಥಳದವನಿಗೆ ಇದು ಜಗಳವೆಂದು ತೋರೀತು. ನಮ್ಮ ಕಡೆಯವನಿಗೆ ಗೊತ್ತು, ಮುಂದಿನದು ಚಹಾದ ಅಂಗಡಿ. ಇಂದು ಇಂಥ ಮಾತು ಕೈಯೊಳಗಿನ ಪರದೆಯ ಮೇಲೂ ಹರಿದಾಡುತ್ತದೆ, ಅದೂ ಅನೇಕ ವೇಳೆ ರೋಮನ್ ಲಿಪಿಯಲ್ಲಿ. ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಅವುಗಳನ್ನು ಸಾವಿರಗಟ್ಟಲೆ ಕೂಡಿಹಾಕಿ, ಗಣಕಯಂತ್ರಕ್ಕೆ ಉಣಿಸಿ, ಜನರ ಒಲವು ಎತ್ತ ಇದೆ, ಯಾವ ಚಿತ್ರ ಗೆದ್ದೀತು, ಯಾವ ಪಕ್ಷ ಸೋತೀತು ಎಂದು ಭವಿಷ್ಯ ನುಡಿಯತೊಡಗಿದ್ದಾರೆ. ಈ ಹೊಸ ಪಂಚಾಂಗದ ಬಗೆಗೆ ನಾಲ್ಕು ಮಾತು ಆಡಬೇಕೆಂದಿದ್ದೇನೆ.

ಇದು ದೂರದ ಸುದ್ದಿಯೇನಲ್ಲ. ಧಾರವಾಡದ ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯ ಹೆಸರಿನ ತಂಡವೊಂದು 2021ರಲ್ಲಿ, ಯೂಟ್ಯೂಬಿನ ಅಭಿಪ್ರಾಯಗಳೊಳಗಿಂದ ಭರವಸೆಯ ನುಡಿಯನ್ನು ಹೆಕ್ಕಿ ತೆಗೆಯುವ ಸ್ಪರ್ಧೆಗೆ ಇಳಿದಿತ್ತು. ಆ ವರ್ಷ ಅಲ್ಲಿದ್ದ ಭಾಷೆಗಳು ಇಂಗ್ಲಿಷ್, ತಮಿಳು, ಮಲಯಾಳಂ. ಕನ್ನಡಕ್ಕೆ ಸ್ಥಾನ ದೊರೆತದ್ದು ಮರುವರ್ಷ. ಇಂಥದೇ ಉದ್ದೇಶಕ್ಕೆ ಬೇರೆ ಸಂಶೋಧಕರು ಸಿದ್ಧಪಡಿಸಿದ ‘ಕನ್‌ಹೋಪ್’ ಎಂಬ ಕನ್ನಡ ಸಂಗ್ರಹದಲ್ಲಿರುವುದು 6,176 ಅಭಿಪ್ರಾಯಗಳು. ಕೋಟಿಗಟ್ಟಲೆ ಜನ ಆಡುವ ನುಡಿಗೆ ಇದೊಂದು ಬೊಗಸೆ ನೀರು.

ಯಂತ್ರ ತಾನಾಗಿ ಏನನ್ನೂ ಅರಿಯದು. ಮೊದಲು ಮನುಷ್ಯರು ಕುಳಿತು ಒಂದೊಂದು ಸಾಲಿಗೂ ‘ಭರವಸೆ’, ‘ನಿಂದೆ’ ಎಂದು ಚೀಟಿ ಅಂಟಿಸಬೇಕು. ಆ ಚೀಟಿಗಳಿಂದ ಯಂತ್ರ ಕಲಿಯುತ್ತದೆ. ನನ್ನ ತಕರಾರು ಇರುವುದು ಇಲ್ಲಿಯೇ. ಚೀಟಿ ಅಂಟಿಸುವವರ ಕಿವಿ ಯಾವ ಊರಿನದು? ‘ಲೇ’ ಎಂಬುದನ್ನು ನಿಂದೆಯೆಂದು ಒಬ್ಬರು ಗುರುತಿಸಿದರೆ, ನಮ್ಮ ಸಲಿಗೆಯೆಲ್ಲ ಯಂತ್ರದ ಕಣ್ಣಿಗೆ ಬೈಗುಳವಾಗಿ ಉಳಿದೀತು. ಅಂಥ ಯಂತ್ರ ನಮ್ಮ ಜಿಲ್ಲೆಯನ್ನು ಸಿಟ್ಟಿನವರ ಜಿಲ್ಲೆಯೆಂದು ಲೆಕ್ಕ ಹಾಕಿದರೆ ಆಶ್ಚರ್ಯವಿಲ್ಲ. (ಬಿಸಿಲಿನ ದಿನಗಳಲ್ಲಿ ಅದು ಪೂರ್ತಿ ಸುಳ್ಳೂ ಅಲ್ಲ, ಬಿಡಿ.)

ಭವಿಷ್ಯ ನುಡಿಯುವ ಮಾತಿಗೆ ಬಂದರೆ, ದೊಡ್ಡವರೇ ಎಡವಿದ್ದುಂಟು. ಜನ ಹುಡುಕುವ ಪದಗಳಿಂದ ಫ್ಲೂ ಜ್ವರದ ಹರಡುವಿಕೆಯನ್ನು ಅಳೆಯಲು ಗೂಗಲ್ ಸಂಸ್ಥೆ 2008ರಲ್ಲಿ ಹೊರಟಿತು. 2012-13ರ ಚಳಿಗಾಲದಲ್ಲಿ ಅದರ ಅಂದಾಜು ಅಮೆರಿಕದ ಆರೋಗ್ಯ ಇಲಾಖೆಯ ಲೆಕ್ಕಕ್ಕಿಂತ ಎರಡು ಪಟ್ಟಿಗೂ ಮೀರಿ ಹೋಯಿತು. ಹುಡುಕಿದವರೆಲ್ಲರಿಗೂ ಜ್ವರ ಬಂದಿರಲಿಲ್ಲ. ಅತ್ತ, ಬರೆಯದೇ ಇರುವವರ ಲೆಕ್ಕವನ್ನು ಯಾರು ಇಟ್ಟಾರು? ಕುಂದಗೋಳದ ಹೊಲದಲ್ಲಿ ಮೆಣಸಿನಕಾಯಿ ಬಿಡಿಸುವ ಹೆಣ್ಣುಮಗಳು ಯಾವ ಹಾಡಿನ ಕೆಳಗೂ ಅಭಿಪ್ರಾಯ ಬರೆಯಲಾರಳು. ಆದರೆ ಮತಗಟ್ಟೆಗೆ ತಪ್ಪದೆ ಹೋಗುತ್ತಾಳೆ.

ಸಂಗ್ರಹಿಸುವ ಕೆಲಸ ನಮಗೆ ಹೊಸದಲ್ಲ. ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ಗಳನ್ನು ಕೂಡಿಸಿದಾಗ ಹಾಡಿದ ಬಾಯಿಗೂ ಬರೆದುಕೊಂಡ ಕೈಗೂ ನಡುವೆ ಊರಿನ ಪರಿಚಯವಿತ್ತು. ಇಂದಿನ ವಿದ್ಯಾರ್ಥಿಗೆ ಮಾತು ಸಿಗುತ್ತದೆ, ಆಡಿದವನು ಸಿಗುವುದಿಲ್ಲ. ತನ್ನ ಮಾತು ಪ್ರಬಂಧವೊಂದರ ಸಾಮಗ್ರಿಯಾಯಿತೆಂಬ ಸುಳಿವೂ ಆ ಆಡಿದವನಿಗೆ ಇರುವುದಿಲ್ಲ. ಮಾತಿನ ಕಣಜದ ಬೀಗವಂತೂ ಕಂಪನಿಗಳ ಕೈಯಲ್ಲಿದೆ. ಸಂಶೋಧಕರಿಗೆ ಉಚಿತವಾಗಿ ತೆರೆದಿದ್ದ ಬಾಗಿಲನ್ನು ಟ್ವಿಟರ್ 2023ರಲ್ಲಿ ಮುಚ್ಚಿಬಿಟ್ಟಿತು.

ಹಾಗೆಂದು ಈ ಕೆಲಸ ಬೇಡವೆನ್ನಲಾರೆ. ಗಣಕ ಕಲಿಯುವ ಹುಡುಗರು ಕನ್ನಡ ವಿಭಾಗದ ಮೆಟ್ಟಿಲನ್ನೂ ಹತ್ತಲಿ. ಒಂದೇ ಸಾಲನ್ನು ಹುಬ್ಬಳ್ಳಿಯವರೊಬ್ಬರು, ಮೈಸೂರಿನವರೊಬ್ಬರು, ಮಂಗಳೂರಿನವರೊಬ್ಬರು ಬೇರೆ ಬೇರೆ ಕುಳಿತು ಓದಿ ಚೀಟಿ ಹಚ್ಚಲಿ. ಮೂವರೂ ಒಮ್ಮತಕ್ಕೆ ಬಾರದ ಸಾಲುಗಳನ್ನು ಬಹುಮತದ ಹೆಸರಿನಲ್ಲಿ ತಳ್ಳಿಹಾಕದೆ, ಬೇರೊಂದು ಕಡತದಲ್ಲಿ ಕಾದಿರಿಸಲಿ. ನಾನಾದರೆ ಮೊದಲು ಆ ಕಡತವನ್ನೇ ಬಿಚ್ಚಿ ಓದುವೆನು.