ಅಮ್ಮನನ್ನೂ ಒಂದು ಮಾತು ಕೇಳಿ

ಇಂಥ ಸಂದೇಶ ನಿಮ್ಮ ಫೋನಿಗೂ ಬಂದಿರುತ್ತದೆ. ಆಸ್ಪತ್ರೆಯ ಮಂಚದ ಮೇಲೆ ಮಲಗಿರುವ ತಾಯಿಯ ಫೋಟೊ, ಆಸ್ಪತ್ರೆಯವರು ಕೊಟ್ಟ ಎಸ್ಟಿಮೇಟ್, ಕೆಳಗೆ ಮಗನ ಬ್ಯಾಂಕ್ ಖಾತೆಯ ನಂಬರು. 'ಅಮ್ಮನಿಗೆ ಕ್ಯಾನ್ಸರ್, ಹನ್ನೆರಡು ಲಕ್ಷ ಬೇಕು, ಕೈಲಾದಷ್ಟು ಸಹಾಯ ಮಾಡಿ.' ಕೆಲವರು ಐನೂರೋ ಸಾವಿರವೋ ಹಾಕುತ್ತಾರೆ, ಕೆಲವರು ಇನ್ನೊಂದು ಗುಂಪಿಗೆ ದಾಟಿಸಿ ಸುಮ್ಮನಾಗುತ್ತಾರೆ. ಸಂಜೆಯ ಹೊತ್ತಿಗೆ ಅದು ಊರು, ತಾಲ್ಲೂಕು ದಾಟಿ ದುಬೈಯಲ್ಲಿರುವ ಹಳೇ ಸಹಪಾಠಿಯನ್ನೂ ಮುಟ್ಟಿರುತ್ತದೆ. ಅದು ಗೊತ್ತಿಲ್ಲದೆ ಉಳಿದವರು ಎಷ್ಟೋ ಸಲ ಒಬ್ಬರೇ. ಆ ತಾಯಿ.

ಅವರಿಗೆ ಹೇಳಿರುವುದು 'ಒಂದು ಗಡ್ಡೆ ಅಷ್ಟೇ, ತೆಗೆದುಬಿಡ್ತಾರೆ' ಅಂತ. ಕಾಯಿಲೆಯ ಹೆಸರನ್ನೂ ಹೇಳಿಲ್ಲ, ಚಿಕಿತ್ಸೆಗೆ ಎಷ್ಟಾಗುತ್ತದೆ ಎಂದೂ ಹೇಳಿಲ್ಲ. 'ಕೇಳಿದರೆ ಧೈರ್ಯಗೆಡುತ್ತಾರೆ' ಎನ್ನುವುದು ಮಕ್ಕಳ ವಾದ. ಆದರೆ ನಲವತ್ತು ವರ್ಷ ಮನೆ ನಡೆಸಿದ ಹೆಂಗಸಿಗೆ ದುಡ್ಡು ಎಲ್ಲಿಂದ ಬರುತ್ತಿದೆ ಎನ್ನುವುದು ವಾಸನೆಯಲ್ಲೇ ತಿಳಿಯುತ್ತದೆ. ತಿಪಟೂರು ಕಡೆಯ ಪರಿಚಯದ ಮನೆಯೊಂದರಲ್ಲಿ ನಡೆದದ್ದು ಹೇಳುತ್ತೇನೆ. ಊಟ ಬಡಿಸಲು ಬಗ್ಗಿದ ಸೊಸೆಯ ಕೈಯಲ್ಲಿ ಗಾಜಿನ ಬಳೆ ಮಾತ್ರ ಇದ್ದವು. 'ಬಂಗಾರದ್ದು ಎಲ್ಲಮ್ಮಾ?' ಎಂದು ಕಾಯಿಲೆಯ ಅತ್ತೆ ಕೇಳಿದರೆ, 'ಪಾಲಿಶ್‌ಗೆ ಕೊಟ್ಟಿದ್ದೀನಿ ಅತ್ತೆ' ಎಂದಳು. ಅತ್ತೆ ಮತ್ತೇನೂ ಕೇಳಲಿಲ್ಲ, ಅನ್ನಕ್ಕೆ ಸಾರು ಸಾಕು ಎಂದರು.

ದುಡ್ಡು ಹೊಂದಿಸುವುದಕ್ಕೂ ಎಲ್ಲ ಮನೆಗಳಲ್ಲೂ ಹೆಚ್ಚುಕಡಿಮೆ ಒಂದೇ ದಾರಿ. ಮೊದಲು ಎಫ್.ಡಿ. ಮುರಿಸುವುದು, ಪಿ.ಎಫ್.ನಿಂದ ಮುಂಗಡ, ಚೀಟಿ ಎತ್ತುವುದು, ಆಮೇಲೆ ಒಡವೆ ಅಡವು. ಕೈಗಡ ಬೆಳೆಯುತ್ತದೆ. ಸೈಟಿನ ಮಾತು ಬರುತ್ತದೆ. ಇಷ್ಟಾದರೂ ಸಾಲದೆ ಹೋದಾಗ ಬರುವುದು ಆ ಸಂದೇಶ. ಮದುವೆ ಮನೆಯಲ್ಲಿ ಮುಯ್ಯಿ ಬರೆದುಕೊಳ್ಳಲು ಒಂದು ಪುಸ್ತಕವಿರುತ್ತದೆ. ಇಂದು ಪಡೆದದ್ದನ್ನು ನಾಳೆ ಅವರ ಮನೆಯ ಶುಭಕಾರ್ಯಕ್ಕೆ ಹಿಂದಿರುಗಿಸಬಹುದು, ಅದಕ್ಕೇ ಕೈ ಒಡ್ಡಲು ಅಲ್ಲಿ ಸಂಕೋಚವಿಲ್ಲ. ಕಾಯಿಲೆಗೆ ಅಂಥ ಪುಸ್ತಕ ಇಲ್ಲ. ಕೇಳುವವನು ಕುಗ್ಗುತ್ತಾನೆ. ಆ ಕುಗ್ಗುವಿಕೆಯಲ್ಲೇ ಅವಸರವೂ ಹುಟ್ಟುತ್ತದೆ. ಊರೆಲ್ಲ ಕೇಳಿದವನು ಡಾಕ್ಟರನ್ನು ಮಾತ್ರ ಸರಿಯಾಗಿ ಕೇಳಿರುವುದಿಲ್ಲ.

ಏನು ಕೇಳಬೇಕಿತ್ತು? ಈ ದುಡ್ಡಿನಿಂದ ಕಾಯಿಲೆ ವಾಸಿಯಾಗುವ ಸಂಭವ ಇದೆಯೇ, ಅಥವಾ ಇನ್ನಷ್ಟು ದಿನ ನೆಮ್ಮದಿಯಿಂದ ಇರಲು ಈ ಔಷಧವೇ? ಎರಡಕ್ಕೂ ಖರ್ಚು ಮಾಡುವುದು ತಪ್ಪಲ್ಲ. ಆದರೆ ಯಾವುದಕ್ಕೆ ಮಾಡುತ್ತಿದ್ದೇವೆ ಎಂದು ಗೊತ್ತಿರಬೇಕು. ಹಾಗೆ ಕೇಳಿದರೆ ಹೆತ್ತವಳನ್ನು ತಕ್ಕಡಿಗೆ ಹಾಕಿದಂತೆ ಎಂದು ಮಕ್ಕಳು ಹಿಂಜರಿಯುತ್ತಾರೆ. ನನಗೆ ಹಾಗನ್ನಿಸುವುದಿಲ್ಲ.

ಬೆಲೆಯನ್ನೂ ಕೇಳಬೇಕು. ಸ್ತನ ಕ್ಯಾನ್ಸರ್‌ನ ಒಂದು ಬಗೆಗೆ ಟ್ರಾಸ್ಟುಜುಮಾಬ್ ಎಂಬ ಇಂಜೆಕ್ಷನ್ ಇದೆ. ಸಾಮಾನ್ಯವಾಗಿ ಮೂರು ವಾರಕ್ಕೊಂದರಂತೆ ಒಂದು ವರ್ಷ ಕೊಡುತ್ತಾರೆ. ವಿದೇಶಿ ಕಂಪನಿಯದೊಂದೇ ಸಿಗುತ್ತಿದ್ದಾಗ ಅದರ ದೊಡ್ಡ ಸೀಸೆಯ ಬೆಲೆ ಲಕ್ಷ ದಾಟಿತ್ತು. 2014ರಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್ ಅದಕ್ಕೆ ಸಮಾನವಾದ ಔಷಧವನ್ನು 57,500 ರೂಪಾಯಿಗೆ ತಂದಿತು. ಈಗ ಇನ್ನೂ ಹಲವು ಕಂಪನಿಗಳು ಮಾಡುತ್ತಿವೆ. 2019ರಲ್ಲಿ ಕೇಂದ್ರ ಸರ್ಕಾರ 42 ಕ್ಯಾನ್ಸರ್ ಔಷಧಗಳ ಮೇಲಿನ ಮಾರಾಟದ ಲಾಭಕ್ಕೆ ಶೇಕಡಾ 30ರ ಮಿತಿ ಹಾಕಿತು. ಕೆಲವು ಬ್ರ್ಯಾಂಡ್‌ಗಳ ಬೆಲೆ ಶೇಕಡಾ 87ರವರೆಗೆ ಇಳಿಯಿತು. ಅಷ್ಟು ಇಳಿಯಲು ಜಾಗ ಇತ್ತು ಎಂದರೆ, ಅಲ್ಲಿಯವರೆಗೆ ಒಡವೆ ಅಡವಿಟ್ಟವರು ಕೊಟ್ಟದ್ದು ಯಾವುದರ ಬೆಲೆ? ಹಾಗಾಗಿ 'ಇದೇ ಔಷಧ ಬೇರೆ ಕಂಪನಿಯದು ಇದೆಯಾ ಸಾರ್, ಅದನ್ನು ಹಾಕಬಹುದಾ?' ಎಂದು ಕೇಳಲು ನಾಚಿಕೆ ಬೇಡ.

ಎಲ್ಲಿ ಚಿಕಿತ್ಸೆ ಎನ್ನುವುದನ್ನೂ ಯೋಚಿಸಬೇಕು. ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಸರ್ಕಾರದ ಕ್ಯಾನ್ಸರ್ ಆಸ್ಪತ್ರೆ ಕಿದ್ವಾಯಿ 1973ರಿಂದ ಇದೆ. ಅಲ್ಲಿ ಜನಜಂಗುಳಿ, ಬೆಳಗಿನ ಜಾವದಿಂದ ಸಾಲು, ಸ್ಕ್ಯಾನಿಂಗಿಗೆ ಕಾಯುವುದು, ಎಲ್ಲ ನಿಜ. ತಡವಾದರೆ ಕಾಯಿಲೆ ಹರಡೀತು ಎಂಬ ಹೆದರಿಕೆಯಿಂದ ಮಗ ಖಾಸಗಿ ಆಸ್ಪತ್ರೆಗೆ ಓಡಿದರೆ ಅವನನ್ನು ದೂರುವಂತಿಲ್ಲ. ಆದರೂ ಎರಡನೇ ಅಭಿಪ್ರಾಯಕ್ಕಾದರೂ ರಿಪೋರ್ಟು ಹಿಡಿದು ಅಲ್ಲಿಗೆ ಹೋಗಿಬರಬಹುದು. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎ.ಪಿ.ಎಲ್. ಕುಟುಂಬಕ್ಕೆ ಯೋಜನೆಯ ಪ್ಯಾಕೇಜ್ ದರದ ಶೇಕಡಾ 30ರಂತೆ ಒಂದೂವರೆ ಲಕ್ಷದವರೆಗೆ ನೆರವಿದೆ. ಆದರೆ ಚಿಕಿತ್ಸೆಗೆ ಮೊದಲೇ ಅನುಮತಿ ಆಗಬೇಕು. ದುಡ್ಡು ಕಟ್ಟಿ, ಆಪರೇಷನ್ ಮುಗಿಸಿ, ಆಮೇಲೆ ಕಾರ್ಡು ಹುಡುಕುವವರೇ ಹೆಚ್ಚು.

ಮತ್ತೆ ತಿಪಟೂರಿನ ಮನೆಗೆ ಬರೋಣ. ಕಡೆಗೆ ಸೊಸೆಯೇ ಅತ್ತೆಗೆ ಎಲ್ಲ ಹೇಳಿದಳು, ಗಂಡನನ್ನು ಕೇಳದೆ. ಆಕೆ ಅತ್ತರು, ಒಂದು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಮುಂದಿನ ಸಲ ಡಾಕ್ಟರ ಎದುರು ಕುಳಿತು ತಾವೇ ಕೇಳಿದರು: 'ಸ್ವಾಮಿ, ಇದ್ ಹಾಕುಸ್ಕಂಡ್ರೆ ವಾಸಿ ಆಯ್ತದಾ, ಇಲ್ಲ ದಿನ ದೂಡಾದಾ?' ಗಡ್ಡೆ ಚಿಕ್ಕದು, ಬೇಗ ಸಿಕ್ಕಿದೆ, ವಾಸಿಯಾಗುವ ಭರವಸೆ ಚೆನ್ನಾಗಿದೆ ಎಂದು ಡಾಕ್ಟರು ಬಿಡಿಸಿ ಹೇಳಿದರು. ಬೇರೆ ಉತ್ತರವೂ ಬರಬಹುದಿತ್ತು. ಅದನ್ನು ಕೇಳಿಸಿಕೊಳ್ಳಲು ತಯಾರಾಗಿಯೇ ಆಕೆ ಹೋಗಿದ್ದರು ಎನ್ನುತ್ತಾಳೆ ಸೊಸೆ. ಎಲ್ಲರೂ ಹೀಗಿರುವುದಿಲ್ಲ, 'ನನಗೇನೂ ಹೇಳಬೇಡಿ, ನೀವೇ ನೋಡ್ಕೊಳ್ಳಿ' ಎನ್ನುವ ಹಿರಿಯರೂ ಇದ್ದಾರೆ. ಆದರೆ ಆ ಮಾತು ಅವರ ಬಾಯಿಂದಲೇ ಬರಬೇಕು.

ಮನೆಗೆ ಬಂದವರೇ ಯಜಮಾನಿಕೆ ವಹಿಸಿಕೊಂಡರು. ಅಟ್ಟದ ಮೇಲೆ ಉಂಡೆ ಕೊಬ್ಬರಿ ಇತ್ತು. ಆ ಕಡೆಯವರು ತೆಂಗಿನಕಾಯಿಯನ್ನು ಅಟ್ಟಕ್ಕೇರಿಸಿ ತಿಂಗಳುಗಟ್ಟಲೆ ಒಣಗಲು ಬಿಡುತ್ತಾರೆ, ಒಳ್ಳೆ ರೇಟಿಗೆ ಕಾಯುತ್ತಾರೆ. 'ಸೈಟು ಮುಟ್ಬೇಡ, ಕೊಬ್ಬರಿ ಇಳ್ಸು' ಎಂದರು. ಮಗ 'ರೇಟು ಬಿದ್ದಿದೆಯಮ್ಮ' ಎಂದರೆ, 'ರೇಟು ಬರ್ಲಿ ಅಂತ ನಾನ್ ಕಾಯ್ಕಂಡ್ ಕೂತ್ಕಳಾ?' ಉಳಿದ ಹಣಕ್ಕೆ ಸಂದೇಶ ಹಾಕುವುದಾಯಿತು. ಮಂಚದ ಮೇಲೆ ಮಲಗಿದ ಫೋಟೊ ಬೇಡ ಎಂದರು. ಬಂಧುಗಳಿಗೆ ತಾವೇ ಧ್ವನಿ ಸಂದೇಶ ಕಳಿಸಿದರು: ಇಂಥ ಕಾಯಿಲೆ, ಇಷ್ಟು ದುಡ್ಡು ಕಡಿಮೆ ಬಿದ್ದಿದೆ, ಕೊಟ್ಟವರ ಹೆಸರು ಬರೆದಿಡುತ್ತೇನೆ.

ಬೇಕಾದಷ್ಟು ಕೂಡಿಬಂದ ದಿನ ಮಗನನ್ನು ಕೂರಿಸಿಕೊಂಡು ಇನ್ನೊಂದು ಸಂದೇಶ ಕಳಿಸಿದರು, 'ಸಾಕು, ಇನ್ನು ಯಾರೂ ಹಾಕಬೇಡಿ' ಎಂದು. ಸಹಾಯ ಕೇಳುವ ಸಂದೇಶಗಳು ವರ್ಷಗಟ್ಟಲೆ ಗುಂಪಿನಿಂದ ಗುಂಪಿಗೆ ತಿರುಗುತ್ತಲೇ ಇರುತ್ತವೆ, ರೋಗಿ ಇದ್ದಾರೋ ಇಲ್ಲವೋ ಯಾರಿಗೂ ತಿಳಿಯುವುದಿಲ್ಲ. ಸಾಕು ಎನ್ನುವ ಸಂದೇಶವನ್ನು ನಾನು ಕಂಡದ್ದು ಅದೊಂದೇ ಸಲ.